ಕಳೆಗೆ ಉಪ್ಪು, ಎರೆಗೆ ಪೆಟ್ಟು

ಸಾವಯವ ಬೇಸಾಯಗಾರರ ಮೊಬೈಲುಗಳಲ್ಲಿ ಕಳೆನಾಶಕದ ಪಾಕಗಳು ಓಡಾಡುತ್ತಿವೆ: ಸೊಪ್ಪಿನ ರಸ, ಗೋಮೂತ್ರ, ಸುಣ್ಣ, ಜೊತೆಗೆ ಕಿಲೋಗಟ್ಟಲೆ ಉಪ್ಪು. ಗ್ಲೈಫೋಸೇಟ್ ಬೇಡವೆನ್ನುವ ರೈತರ ಹಂಬಲ ಸರಿಯಾದದ್ದೇ. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಎರೆ ಹೊಲಗಳಲ್ಲಿ ಈ ಪಾಕ ರೂಢಿಯಾದರೆ ಕಳೆ ಉಳಿದು ಮಣ್ಣು ಕೆಡುತ್ತದೆ.

ಗಿಡದ ರಸಕ್ಕೆ ಕಳೆ ತಡೆಯುವ ಗುಣ ಇರುವುದು ನಿಜ. ಜೋಳದ ಬೇರು ಸೋರ್ಗೋಲಿಯೋನ್ ಎಂಬ ರಾಸಾಯನಿಕ ಸ್ರವಿಸಿ ಸುತ್ತಲಿನ ಎಳೆ ಸಸಿಗಳನ್ನು ಅಡಗಿಸುತ್ತದೆ. ಕಾಂಗ್ರೆಸ್ ಕಸದ ಪಾರ್ಥೆನಿನ್ ಮೊಳಕೆಯನ್ನೇ ತಡೆಯುತ್ತದೆ. ಆದರೆ ಇದನ್ನು ಹೆಚ್ಚಾಗಿ ಕಂಡಿರುವುದು ಪ್ರಯೋಗಾಲಯದ ತಟ್ಟೆಯಲ್ಲಿ, ಒದ್ದೆ ಕಾಗದದ ಮೇಲೆ. ಅಲ್ಲಿ ಲೀಟರಿಗೆ 100 ಗ್ರಾಂ ಎಲೆಯ ರಸ ಹಾಕಿದ್ದರು ಎಂದುಕೊಂಡು ಹೊಲದ ಲೆಕ್ಕ ಹಾಕಿ. ಒಂದು ಎಕರೆಯ ಮೇಲಿನ 2 ಸೆಂಟಿಮೀಟರ್ ಮಣ್ಣು ಸುಮಾರು 80 ಘನ ಮೀಟರ್. ಅದರಲ್ಲಿ ಮೂರನೇ ಒಂದು ಪಾಲು ರಸ ತುಂಬಬೇಕೆಂದರೂ ಸುಮಾರು 27,000 ಲೀಟರ್ ಬೇಕು, ಅದಕ್ಕೆ 2.7 ಟನ್ ಎಲೆ. ಸಿಂಪಡಿಸುವುದು ಎಕರೆಗೆ ಸುಮಾರು 200 ಲೀಟರ್. ಅಷ್ಟನ್ನೂ ಮಣ್ಣಿನ ಸೂಕ್ಷ್ಮಜೀವಿಗಳು ಬೇಗ ಒಡೆದುಹಾಕುತ್ತವೆ. ಜೇಕಿನ ಗಡ್ಡೆ, ಕರಿಕೆಯ ಬೇರಿಗೆ ಇದು ತಟ್ಟುವುದೇ ಇಲ್ಲ. ಬಾಟಲ್‌ಬ್ರಷ್ ಗಿಡದ ಲೆಪ್ಟೋಸ್ಪರ್ಮೋನ್ ಕೂಡ ಹೀಗೇ ದುರ್ಬಲ. ಅದರ ರಚನೆಯನ್ನು ರಾಸಾಯನಿಕವಾಗಿ ತಿದ್ದಿದ ಮೇಲೆಯೇ ಮೆಸೊಟ್ರಿಯೋನ್ ಎಂಬ ಕಳೆನಾಶಕ ಬಂದದ್ದು.

ರಸ ಸಾಲದೆಂದು ಉಪ್ಪು ಸೇರುತ್ತದೆ. ಎಲೆ ಸುಟ್ಟು ಕರಕಲಾದಾಗ ರೈತನಿಗೆ ಸೊಪ್ಪು ಕೆಲಸ ಮಾಡಿತೆನ್ನಿಸುತ್ತದೆ. ಮಾಡಿದ್ದು ಬಹುಪಾಲು ಉಪ್ಪು. ಒಂದು ಕಿಲೋ ಉಪ್ಪಿನಲ್ಲಿ ಸುಮಾರು 390 ಗ್ರಾಂ ಸೋಡಿಯಂ. ಒಂದೇ ಸಿಂಪಡಣೆಗೆ ಹೊಲ ಹಾಳಾಗದು, ಅದನ್ನೂ ಹೇಳಬೇಕು. ಆದರೆ ಸೋಡಿಯಂ ಕೊಳೆಯುವುದಿಲ್ಲ. ಅದೇ ಪಟ್ಟಿಗೆ ವರ್ಷವರ್ಷ ಬಿದ್ದದ್ದು ಕೂಡುತ್ತಲೇ ಹೋಗುತ್ತದೆ. ಎರೆಯ ಜೇಡಿ ಕಣಗಳನ್ನು ಒಟ್ಟಾಗಿ ಹಿಡಿದಿರುವ ಕ್ಯಾಲ್ಸಿಯಂ ಜಾಗದಲ್ಲಿ ಸೋಡಿಯಂ ಕೂತರೆ ಕಣಗಳು ಚದುರಿ, ಮಳೆ ಬಿದ್ದೊಡನೆ ಮೇಲ್ಪದರ ಬಿಗಿಯುತ್ತದೆ, ನೀರು ಇಂಗುವುದಿಲ್ಲ. ಜೇಡಿ ಕಣಗಳು ಹಿಡಿದಿಟ್ಟ ಕ್ಯಾಲ್ಸಿಯಂ ಮುಂತಾದ ಅಯಾನುಗಳಲ್ಲಿ ಸೋಡಿಯಂ ಪಾಲು ಶೇ 15 ದಾಟಿದ ಮಣ್ಣನ್ನು ಕ್ಷಾರ ಮಣ್ಣು ಎನ್ನುತ್ತಾರೆ. ಎರೆಯಲ್ಲಿ ಅದಕ್ಕೂ ಮುಂಚೆಯೇ ಕೆಡುಕು ಶುರುವಾಗುತ್ತದೆ. ಮಲೆನಾಡಿನ ಮಳೆ ಉಪ್ಪನ್ನು ತೊಳೆದೀತು, ನಮ್ಮ ಬಯಲಿನ ಮಳೆಗೆ ಆ ಬಲವಿಲ್ಲ. ಇಲ್ಲಿಯ ಮುಖ್ಯ ಬೆಳೆಗಳಾದ ಈರುಳ್ಳಿ, ಹೆಸರು ಎರಡೂ ಉಪ್ಪು ತಾಳುವುದಿಲ್ಲ. ಸಿಂಗಟಾಲೂರು ಏತ ನೀರಾವರಿಯ ನೀರು ಬರುವ ಮುಂಡರಗಿ ಭಾಗದಲ್ಲಿ ಬಸಿಗಾಲುವೆ ಇಲ್ಲದ ಹೊಲಕ್ಕೆ ಸವಳಿನ ಭಯ ಮೊದಲೇ ಇದೆ. ಅಲ್ಲಿ ಕೈಯಾರೆ ಉಪ್ಪು ಸುರಿಯಬೇಡಿ.

ಕಾಂಗ್ರೆಸ್ ಕಸ ಅರೆದು ರಸ ತೆಗೆಯುವವರಿಗೆ ಇನ್ನೊಂದು ಅಪಾಯ. ಪಾರ್ಥೆನಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ. ಒಮ್ಮೆ ಬಂದರೆ ಮುಂದೆ ಆ ಗಿಡ ಸೋಕಿದಾಗಲೆಲ್ಲ ತುರಿಕೆ, ಬಾವು. ದಿನವಿಡೀ ಸಾಲಿನಲ್ಲಿ ಕೂತು ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಅದು ಕೂಲಿಯನ್ನೇ ಕಸಿದೀತು.

ಪಾಕದ ಬದಲು, ಮುಂಗಾರಿನ ಮೊದಲ ಹದಕ್ಕೆ ಕಳೆ ಹುಟ್ಟಲು ಬಿಟ್ಟು, ಕುಂಟೆ ಹೊಡೆದು ಆಮೇಲೆ ಬಿತ್ತಿ. ಹೆಸರಿಗೆ ಮೊದಲ 30 ದಿನ ಎಡೆಕುಂಟೆ ತಪ್ಪಿಸಬೇಡಿ. ಉಪ್ಪಿನ ಪಾಕ ಈಗಾಗಲೇ ಹೊಡೆದಿದ್ದರೆ, ಈರುಳ್ಳಿ ಹಾಕುವ ಮುಂಚೆ ಆ ಪಟ್ಟಿಯ ಮಣ್ಣನ್ನು ಬೇರೆಯಾಗಿ ತೆಗೆದು ಪರೀಕ್ಷೆ ಮಾಡಿಸಿ. ಎಲ್ಲಿ ಎಂದು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಸೋಡಿಯಂ ಏರಿದ್ದರೆ ಜಿಪ್ಸಂ ಎಷ್ಟು ಹಾಕಬೇಕೆಂಬುದು ಆ ವರದಿಯಿಂದಲೇ ಗೊತ್ತಾಗಬೇಕು.