ಕೆಳದವಡೆಯ ಒಳಗಿನ ಕಾಲುವೆ

ನಮ್ಮ ಮುಖದ ಎಲುಬುಗಳಲ್ಲಿ ಅಲುಗಾಡುವುದು ಕೆಳದವಡೆಯೊಂದೇ. ಖಡಕ್ ರೊಟ್ಟಿಯನ್ನು ಅಗಿಯುವುದು, ಮಾತನಾಡುವುದು, ಆಕಳಿಸುವುದು ಎಲ್ಲಕ್ಕೂ ಅದು ಬೇಕು. ಕುದುರೆಯ ಲಾಳದಂತೆ ಬಾಗಿದ ಈ ಎಲುಬು ಹೊರಗಿನಿಂದ ಮುಟ್ಟಿ ನೋಡುವವರಿಗೆ ಗಟ್ಟಿಯಾದ ಒಂದೇ ತುಂಡು. ಆದರೆ ಅದರೊಳಗೆ, ಹಲ್ಲಿನ ಬೇರುಗಳ ಕೆಳಗೆ, ಎಡಕ್ಕೊಂದು ಬಲಕ್ಕೊಂದು ಸಣ್ಣ ಕಾಲುವೆ ಸಾಗಿದೆ. ಅದರಲ್ಲಿರುವುದು ಒಂದು ನರ ಮತ್ತು ಅದರ ಜೊತೆಗಾರರಾದ ರಕ್ತನಾಳಗಳು. ಕೆಳಗಿನ ಹಲ್ಲು ನೋಯುತ್ತಿದೆ ಎಂಬ ಸುದ್ದಿ ಮೆದುಳಿಗೆ ಮುಟ್ಟುವುದು ಈ ನರದ ಮೂಲಕ. ಈ ಕಾಲುವೆಯು ಎಲ್ಲರ ದವಡೆಯಲ್ಲಿಯೂ ಒಂದೇ ಹಾದಿ ಹಿಡಿಯುವುದಿಲ್ಲ ಎಂಬುದನ್ನೂ, ಅದರಿಂದ ರೋಗಿಗೆ ಆಗತಕ್ಕ ತೊಂದರೆಯನ್ನೂ ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದ್ದರಿಂದ ಓಣಿಯವರ ದವಾಖಾನೆಯ ಕಾಗದ, ಕ್ಷ-ಕಿರಣದ ಚಿತ್ರ ಎಲ್ಲವೂ ನನ್ನ ಕೈಗೇ ಬರುತ್ತವೆ. ಇತಿಹಾಸ, ರಾಜ್ಯಶಾಸ್ತ್ರ ಓದಿದವನಿಗೆ ದವಡೆಯ ಚಿತ್ರ ಓದಲು ಬಾರದೆಂದರೆ ಅವರು ಒಪ್ಪುವುದಿಲ್ಲ. ಹೀಗಾಗಿ ಈ ವಿಷಯವನ್ನು ಸ್ವಲ್ಪ ಓದಿಕೊಳ್ಳಬೇಕಾಯಿತು.

ಪಠ್ಯಪುಸ್ತಕದ ದವಡೆ ಹೀಗಿರುತ್ತದೆ. ಕಿವಿಯ ಕೆಳಗೆ ದವಡೆಯು ಮೇಲಕ್ಕೆ ಏರುವ ಭಾಗದ ಒಳಮೈಯಲ್ಲಿ ಒಂದು ರಂಧ್ರವಿದೆ. ನರವು ಅಲ್ಲಿ ಒಳಹೊಕ್ಕು, ದವಡೆ ಹಲ್ಲುಗಳ ಬೇರಿನ ಕೆಳಗೆ ಸಾಗಿ, ಮುಂದವಡೆ ಹಲ್ಲುಗಳ ಸಮೀಪ ಹೊರಮೈಯಲ್ಲಿರುವ ಇನ್ನೊಂದು ರಂಧ್ರದಿಂದ ಹೊರಬಿದ್ದು, ಕೆಳದುಟಿಗೂ ಗದ್ದಕ್ಕೂ ಹರಡುತ್ತದೆ. ಈ ಎರಡನೆಯದನ್ನು ಗದ್ದದ ರಂಧ್ರವೆಂದು ಕರೆಯೋಣ. ಹಲ್ಲು ಕೀಳುವ ಮೊದಲು ವೈದ್ಯರು ಸೂಜಿಮದ್ದು ಹಾಕುವುದು ಮೊದಲನೆಯ ರಂಧ್ರದ ಬಳಿ. ಬಾಗಿಲಲ್ಲಿಯೇ ನರವನ್ನು ತಡೆದರೆ ಆ ಕಡೆಯ ಹಲ್ಲುಗಳೂ ತುಟಿಯೂ ಒಟ್ಟಿಗೆ ಜೋಮು ಹಿಡಿಯುತ್ತವೆ.

ಇದನ್ನು ಬದುಕಿರುವವರಲ್ಲಿ ನೋಡಲು ಮೊದಲು ಉಪಾಯವೇ ಇರಲಿಲ್ಲ. ಸತ್ತವರ ಎಲುಬನ್ನು ಕೊಯ್ದು ತಿಳಿಯಬೇಕಾಗಿತ್ತು. 1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದರು. 1896ರ ಜನವರಿಯಲ್ಲಿ ಅದೇ ದೇಶದ ದಂತವೈದ್ಯ ವಾಲ್ಕಾಫ್ ತಮ್ಮ ಬಾಯಿಯಲ್ಲಿಯೇ ಗಾಜಿನ ಫಲಕವಿಟ್ಟುಕೊಂಡು ಹಲ್ಲಿನ ಚಿತ್ರ ತೆಗೆಸಿಕೊಂಡರು. ಅದಕ್ಕೆ ಅವರು 25 ನಿಮಿಷ ಕದಲದೆ ಇರಬೇಕಾಯಿತು! ಆಮೇಲೆ 1950ರ ಸುಮಾರಿಗೆ ಫಿನ್ಲೆಂಡಿನ ಪಾಟೆರೊ ಎಂಬವರು ಇಡೀ ದವಡೆಯನ್ನು ಒಂದೇ ಹಾಳೆಯ ಮೇಲೆ ಬಿಡಿಸಿ ಹಾಸಿದಂತೆ ತೋರಿಸುವ ವಿಧಾನವನ್ನು ರೂಪಿಸಿದರು. ನಮ್ಮವರು ಕಲಬುರಗಿಯಿಂದ ತರುವ ಉದ್ದನೆಯ ಚಿತ್ರ ಇದೇ. ವೈದ್ಯರು ಅದನ್ನು ಓಪಿಜಿ ಎನ್ನುತ್ತಾರೆ. ರೋಗಿ ನಿಂತಿರುತ್ತಾನೆ, ಯಂತ್ರವು ಅವನ ಮುಖದ ಸುತ್ತ ಅರ್ಧ ಪ್ರದಕ್ಷಿಣೆ ಹಾಕುತ್ತದೆ. ಅರ್ಧ ನಿಮಿಷದೊಳಗೆ ಕೆಲಸ ಮುಗಿಯುತ್ತದೆ.

ಈ ಚಿತ್ರದಲ್ಲಿ ಗಟ್ಟಿ ಎಲುಬು ಬೆಳ್ಳಗೂ ಟೊಳ್ಳು ಜಾಗ ಕಪ್ಪಗೂ ಕಾಣುತ್ತದೆ. ತಪ್ಪು ತಿಳಿವಳಿಕೆಗೆ ಆಸ್ಪದವಿರುವುದೂ ಇಲ್ಲಿಯೇ. ಹಲ್ಲಿನ ಬೇರಿನ ತುದಿಯಲ್ಲಿ ಕೀವು ನಿಂತು ಎಲುಬು ಕರಗಿದ್ದರೆ ಅದು ಕಪ್ಪು ಚುಕ್ಕೆ. ಗದ್ದದ ರಂಧ್ರವೂ ಕಪ್ಪು ಚುಕ್ಕೆ. ಭಾರತೀಯರಲ್ಲಿ ಈ ರಂಧ್ರವು ಬಹುಮಟ್ಟಿಗೆ ಎರಡನೆಯ ಮುಂದವಡೆ ಹಲ್ಲಿನ ನೇರ ಕೆಳಗೆ ಇರುತ್ತದೆ; ಕೆಲವರಲ್ಲಿ ಎರಡು ಮುಂದವಡೆ ಹಲ್ಲುಗಳ ನಡುವೆ, ಮತ್ತೆ ಕೆಲವರಲ್ಲಿ ಇನ್ನೂ ಹಿಂದಕ್ಕೆ. ಒಂದೇ ಕಡೆ ಎರಡು ರಂಧ್ರಗಳುಳ್ಳವರೂ ಇದ್ದಾರೆ. ಅದು ಬೇರಿನ ತುದಿಗೆ ಸರಿಯಾಗಿ ಬಂದು ಕುಳಿತರೆ, ಅವಸರದ ಕಣ್ಣಿಗೆ ಆರೋಗ್ಯವಂತ ಹಲ್ಲೂ ಕೊಳೆತ ಹಲ್ಲಿನಂತೆ ಕಂಡೀತು. ಬಲ್ಲ ವೈದ್ಯರು ಕೋನವನ್ನು ಸ್ವಲ್ಪ ಬದಲಿಸಿ ಇನ್ನೊಂದು ಚಿತ್ರ ತೆಗೆಯುತ್ತಾರೆ. ಚುಕ್ಕೆಯು ಬೇರಿನಿಂದ ದೂರ ಸರಿದರೆ ಅದು ರಂಧ್ರವೇ ಸರಿ. ಹಲ್ಲಿಗೆ ತಣ್ಣನೆಯದನ್ನು ಮುಟ್ಟಿಸಿಯೂ ಪರೀಕ್ಷಿಸುತ್ತಾರೆ. ಜೀವವಿರುವ ಹಲ್ಲು ಚುಳ್ಳೆನ್ನುತ್ತದೆ.

ಇದೇ ಬಗೆಯ ಇನ್ನೊಂದು ಮಾಯೆಯನ್ನು ಅಮೆರಿಕದ ಸ್ಟಾಫ್ನೆ 1942ರಲ್ಲಿ 35 ರೋಗಿಗಳ ಚಿತ್ರಗಳಿಂದ ವರ್ಣಿಸಿದರು. ದವಡೆಯ ಮೂಲೆಯ ಬಳಿ, ಕಾಲುವೆಯ ಕೆಳಗೆ, ಗಂಟಿನಂತೆ ಕಾಣುವ ದುಂಡನೆಯ ಕಪ್ಪು ಗುರುತು. ನಿಜದಲ್ಲಿ ಅದು ಎಲುಬಿನ ಒಳಮೈಯಲ್ಲಿರುವ ಬರಿಯ ತಗ್ಗು. ಶಸ್ತ್ರಚಿಕಿತ್ಸೆ ಬೇಕಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಕೆಲವರಲ್ಲಿ ಈ ಕಾಲುವೆ ಒಂದಲ್ಲ, ಎರಡು. ಇದನ್ನು ಅರಿಯಲು ಜೇವರ್ಗಿಯ ರೈತನಿಗೆ ಬೇರೆ ದೃಷ್ಟಾಂತ ಬೇಡ. ನಾರಾಯಣಪುರ ಅಣೆಕಟ್ಟಿನ ಎಡದಂಡೆಯಲ್ಲಿ ಮುಖ್ಯ ಕಾಲುವೆಯಿದೆ. ಅದರ ವ್ಯವಸ್ಥೆಯಲ್ಲಿ ಜೇವರ್ಗಿ ಶಾಖಾ ಕಾಲುವೆ, ಇಂಡಿ ಶಾಖಾ ಕಾಲುವೆ ಮೊದಲಾದ ಕವಲುಗಳಿವೆ. ಕವಲು ಒಡೆಯುವ ಜಾಗಕ್ಕಿಂತ ಕೆಳಗೆ ಗೇಟು ಇಳಿಸಿದರೆ ಮುಖ್ಯ ಕಾಲುವೆ ಒಣಗುವುದು. ಕವಲಿನಲ್ಲಿ ಮಾತ್ರ ನೀರು ಹರಿಯುತ್ತಲೇ ಇರುವುದು. ದವಡೆಯಲ್ಲಿಯೂ ಹಾಗೆಯೇ. ನರವು ರಂಧ್ರವನ್ನು ಹೊಗುವ ಮೊದಲೇ ಕವಲೊಡೆದು ಬೇರೆ ಬಾಗಿಲಿನಿಂದ ಒಳಗೆ ನುಗ್ಗಿದ್ದರೆ, ವೈದ್ಯರ ಮದ್ದು ಒಂದು ಕವಲನ್ನು ಮಾತ್ರ ತಡೆಯುತ್ತದೆ. ತುಟಿ ಜೋಮು ಹಿಡಿಯುತ್ತದೆ, ಹಲ್ಲು ನೋಯುತ್ತದೆ.

ನಮ್ಮ ಅವ್ವನಿಗೆ ಒಮ್ಮೆ ಹಲ್ಲು ಕೀಳಿಸಿದಾಗ ಆದದ್ದು ಇದೇ ಮಾದರಿಯದು. "ತುಟಿ ಜೋಮು ಹಿಡದದ, ಖರೆ ಹಲ್ಲು ನೋಯ್ಲತ್ತದ" ಎಂದಳು. ಹೊಲದ ಹೆಂಗಸು ಸೂಜಿಗೆ ಹೆದರಿ ಕೂಗುತ್ತಾಳೆ ಎಂದು ಅಲ್ಲಿದ್ದವರು ಗದರಿಸಿದರು, ಹಲ್ಲು ಕಿತ್ತರು. ಅವಳ ದವಡೆಯಲ್ಲಿ ಎರಡು ಕಾಲುವೆಗಳಿದ್ದವು ಎಂದು ನಾನು ಸಾಧಿಸಲು ಹೊರಟಿಲ್ಲ, ಚಿತ್ರವನ್ನೇ ತೆಗೆದಿರಲಿಲ್ಲ. ಕೀವು ತುಂಬಿದ ಜಾಗದಲ್ಲಿಯೂ ಮದ್ದು ಸರಿಯಾಗಿ ಹತ್ತುವುದಿಲ್ಲ. ಆದರೆ ಅವಳಾಡಿದ ಮಾತು ವೈದ್ಯಗ್ರಂಥಗಳಲ್ಲಿ ಬರೆದಿರುವ ಲಕ್ಷಣವೇ ಆಗಿತ್ತು. ಇಂಗ್ಲಿಷಿನಲ್ಲಿ ಹೇಳಿದ್ದರೆ ಪ್ರಾಯಶಃ ಕೇಳುತ್ತಿದ್ದರು.

ಇಂಥ ದವಡೆಗಳು ಎಷ್ಟು ಎಂಬ ಪ್ರಶ್ನೆಗೆ ಉತ್ತರ ಸ್ವಾರಸ್ಯವಾಗಿದೆ. ಅಮೆರಿಕದ ಲ್ಯಾಂಗ್ಲೇ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದಂತೆ, 6,000 ಓಪಿಜಿ ಚಿತ್ರಗಳಲ್ಲಿ ಕವಲೊಡೆದ ಕಾಲುವೆ ಕಂಡದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. 1990ರ ದಶಕದ ಕೊನೆಯಲ್ಲಿ ಇಟಲಿ, ಜಪಾನ್ ದೇಶಗಳಲ್ಲಿ ಹೊಸ ಯಂತ್ರವೊಂದು ಬಂದಿತು. ಅದು ಶಂಕುವಿನಾಕಾರದ ಕಿರಣದಿಂದ ದವಡೆಯ ಉದ್ದ, ಎತ್ತರ, ದಪ್ಪ ಮೂರನ್ನೂ ಅಳೆಯುತ್ತದೆ. ಅದರ ಹೆಸರು ಸಿಬಿಸಿಟಿ. ಅದರಿಂದ ನೋಡಿದಾಗ ಜಪಾನಿನ ಒಂದು ಅಧ್ಯಯನದಲ್ಲಿ ನೂರಕ್ಕೆ 15ರಷ್ಟು, ಮತ್ತೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕವಲು ಕಂಡಿತು. ಜನರ ದವಡೆ ಬದಲಾಗಿರಲಿಲ್ಲ! ಓಪಿಜಿಯು ದವಡೆಯ ದಪ್ಪವನ್ನೆಲ್ಲ ಒಂದೇ ಹಾಳೆಗೆ ಒತ್ತಿಬಿಡುವುದರಿಂದ, ಒಂದರ ಹಿಂದೊಂದು ಇರುವ ಕಾಲುವೆಗಳು ಒಂದಾಗಿಯೇ ಕಾಣುತ್ತಿದ್ದವು. ಹಾಗೆಂದು ಎಲ್ಲರೂ ಹೊಸ ಚಿತ್ರಕ್ಕೆ ಓಡಬೇಕಿಲ್ಲ. ಅದಕ್ಕೆ ಹಣವೂ ಹೆಚ್ಚು, ಕಿರಣವೂ ಹೆಚ್ಚು. ಬುದ್ಧಿಹಲ್ಲಿನ ಬೇರು ಕಾಲುವೆಗೆ ತಾಗಿದಂತೆ ಕಂಡಾಗ, ಕಸಿ ಹಲ್ಲಿಗಾಗಿ ಎಲುಬಿನಲ್ಲಿ ಲೋಹದ ತಿರುಪು ಕೂರಿಸುವಾಗ ಅದರ ಅವಶ್ಯಕತೆ ಬರುತ್ತದೆ. ನರಕ್ಕೆ ಪೆಟ್ಟಾದರೆ ತುಟಿಯ ಜೋಮು ತಿಂಗಳುಗಟ್ಟಲೆ, ಕೆಲವೊಮ್ಮೆ ಶಾಶ್ವತವಾಗಿಯೂ ಉಳಿಯಬಹುದು.

ನಮ್ಮ ಮೂರು ತಾಲ್ಲೂಕಿನವರಿಗೆ ದಂತವೈದ್ಯ ಕಾಲೇಜುಗಳಿರುವುದು ಕಲಬುರಗಿಯಲ್ಲಿ. ಆಳಂದ, ಜೇವರ್ಗಿಗಳಿಂದ ಸುಮಾರು 40 ಕಿಲೋಮೀಟರ್. ಅಫಜಲಪುರದಿಂದ ಇನ್ನೂ ದೂರ. ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಂಡು ತೆಗೆಸಿದ ಚಿತ್ರವನ್ನು ಬಹಳ ಮಂದಿ ಹಲ್ಲು ಕಿತ್ತ ಮೇಲೆ ಎಸೆದುಬಿಡುತ್ತಾರೆ. ಮುಂದಿನ ಸಲ ಇನ್ನೊಬ್ಬ ವೈದ್ಯರ ಬಳಿ ಹೋದಾಗ ಆ ಹಾಳೆಯೇ ದೊಡ್ಡ ಸಾಕ್ಷಿ. ಹಿಂದೆ ಮದ್ದು ಹತ್ತಿರಲಿಲ್ಲವೆಂಬುದನ್ನು ಸೂಜಿ ಚುಚ್ಚುವ ಮೊದಲೇ ಹೇಳಿದರೆ, ವೈದ್ಯರು ಇನ್ನೂ ಮೇಲಿನ ಜಾಗದಲ್ಲಿ ಹಾಕಬಹುದು, ಇಲ್ಲವೆ ಹಲ್ಲಿನ ಸುತ್ತಲೂ ಬೇರೆಯಾಗಿ ಮದ್ದು ಕೊಡಬಹುದು.

ವಯಸ್ಸಿನ ಮಾತೊಂದು ಉಳಿಯಿತು. ಗದ್ದದ ರಂಧ್ರವು ಹಸುಳೆಯಲ್ಲಿ ದವಡೆಯ ಕೆಳ ಅಂಚಿಗೆ ಹತ್ತಿರ, ಪ್ರಾಯದವರಲ್ಲಿ ನಡುಮಧ್ಯೆ. ಹಲ್ಲುಗಳೆಲ್ಲ ಬಿದ್ದ ಮುದುಕರಲ್ಲಿ ಮೇಲಿನ ಎಲುಬು ಸವೆದು, ರಂಧ್ರವು ಒಸಡಿನ ಕೆಳಗೇ ಬಂದು ನಿಲ್ಲುತ್ತದೆ. ಹಲ್ಲಿನ ಸೆಟ್ಟು ಹಾಕಿಸಿಕೊಂಡ ಅಜ್ಜಂದಿರು ರೊಟ್ಟಿ ಕಚ್ಚಿದೊಡನೆ ಗದ್ದದ ತನಕ ಮಿಂಚು ಹೊಡೆದಂತಾಗುತ್ತದೆಂದು ಸೆಟ್ಟನ್ನು ಡಬ್ಬಿಯಲ್ಲಿಟ್ಟು ಬಿಡುವುದುಂಟು. ಸೆಟ್ಟು ನರದ ಮೇಲೆಯೇ ಒತ್ತುತ್ತಿರುತ್ತದೆ. ಆ ಜಾಗವನ್ನು ಗುರುತಿಸಿ ಸೆಟ್ಟಿನ ಒಳಮೈಯನ್ನು ಸ್ವಲ್ಪ ಉಜ್ಜಿ ತಗ್ಗು ಮಾಡಿಸಿದರೆ ಹಲವರಿಗೆ ಮತ್ತೆ ಅದನ್ನು ಹಾಕಿಕೊಂಡು ಉಣ್ಣಲು ಸಾಧ್ಯವಾಗುತ್ತದೆ.