ಮಲೆನಾಡಿನ ಮನೆಗೊಂದು ವೈಸು

ಯಂತ್ರವೆಂಬುದು ಕೆಟ್ಟು ನಿಲ್ಲುವುದು ಅದರ ಕೆಲಸವು ಅತ್ಯವಶ್ಯವಾಗಿರುವ ದಿನದಂದೇ. ಸಕಲೇಶಪುರ, ಆಲೂರು ಸೀಮೆಗಳ ಗುಡ್ಡಗಾಡಿನಲ್ಲಿ ತೋಟ ಮಾಡಿಕೊಂಡಿರುವ ಗೃಹಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ರೊಬಸ್ಟಾ ಕಾಫಿಯ ಗಿಡಗಳು ಮೊಗ್ಗು ಹೊತ್ತು ನೀರಿಗಾಗಿ ಕಾದಿರುತ್ತವೆ. ಹೂಮಳೆಯು ಬಾರದೆ ಹೋದರೆ ಕೆರೆಗೆ ಪಂಪನ್ನಿಳಿಸಿ ಸ್ಪ್ರಿಂಕ್ಲರಿನಿಂದ ನೀರು ಹಾರಿಸಬೇಕು. ನೀರು ಬಿದ್ದ ಎಂಟು ಹತ್ತು ದಿನಗಳಲ್ಲಿ ಹೂವು ಅರಳುತ್ತದೆ. ಎರಡು ಮೂರು ವಾರಗಳೊಳಗೆ ಎರಡನೆಯ ನೀರನ್ನೂ ಕೊಟ್ಟರೆ ಮಾತ್ರ ಕಾಯಿ ನಿಲ್ಲುತ್ತದೆ. ಈ ಲೆಕ್ಕದ ನಡುವೆ ಪಂಪಿನ ಕಪ್ಲಿಂಗಿನ ಪಿನ್ನೊಂದು ಮುರಿದರೆ, ಪೈಪಿನ ಮರೆ ಹಾಳಾದರೆ, ಸಕಲೇಶಪುರದಿಂದ ಹಾಸನಕ್ಕೆ ಸುಮಾರು ೪೦ ಕಿಲೋಮೀಟರು ಹೋಗಿಬರುವಷ್ಟರಲ್ಲಿ ಒಂದು ದಿನವು ಕಳೆದಿರುತ್ತದೆ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಗಟ್ಟಿಯಾದ ಬೆಂಚೊಂದು, ಅದರ ಮೇಲೆ ಒಳ್ಳೆಯ ವೈಸೊಂದು ಇದ್ದರೆ ಅದೇ ಕೆಲಸವು ಅರ್ಧ ಗಂಟೆಯದು.

ಇದನ್ನು ತಿರುಪಿನ ಇಕ್ಕಳವೆಂದು ಕನ್ನಡಿಸಬಹುದು. ಆದರೆ ಕಮ್ಮಾರರಿಂದ ಹಿಡಿದು ಮೋಟಾರು ಕೆಲಸದವರವರೆಗೆ ಎಲ್ಲರೂ ವೈಸು ಎಂದೇ ಕರೆಯುತ್ತಿರುವಾಗ ನಾವು ಮಾತ್ರ ಹಟ ಮಾಡುವುದು ತರವಲ್ಲ.

ಮೊದಲು ನಮ್ಮ ಅವಿವೇಕದ ಕಥೆಯನ್ನು ಹೇಳಿಬಿಡುವೆವು. ಕೆಲವು ವರ್ಷಗಳ ಹಿಂದೆ ನೀಲಿ ಬಣ್ಣದಿಂದ ಥಳಥಳಿಸುತ್ತಿದ್ದ ನಾಲ್ಕಂಗುಲದ ವೈಸೊಂದನ್ನು, ಬೆಲೆ ಅಗ್ಗವೆಂಬ ಒಂದೇ ಕಾರಣದಿಂದ, ಅಂಗಡಿಯವನು ತೋರಿಸಿದೊಡನೆ ಕೊಂಡು ತಂದೆವು. ಹೂವಿನ ನೀರಿನ ದಿನಗಳಲ್ಲಿಯೇ ಪಂಪಿನ ಕಪ್ಲಿಂಗಿನಲ್ಲಿ ಪಿನ್ನು ಸಿಕ್ಕಿಹಾಕಿಕೊಂಡಿತು. ಕಪ್ಲಿಂಗನ್ನು ವೈಸಿನಲ್ಲಿ ಬಿಗಿದು ಸುತ್ತಿಗೆಯಿಂದ ಎರಡನೆಯ ಪೆಟ್ಟು ಹಾಕಿದೆವೋ ಇಲ್ಲವೋ, ಸ್ಥಿರವಾದ ದವಡೆಯೇ ಬುಡದಿಂದ ಕಳಚಿ ನಮ್ಮ ಕಾಲಿನ ಪಕ್ಕದಲ್ಲಿ ಬಿದ್ದಿತು. ಬೆರಳು ಉಳಿದದ್ದು ದೈವಕೃಪೆ. ಮುರಿದ ಬಾಯಲ್ಲಿ ನೋಡಿದರೆ ಏಲಕ್ಕಿ ಕಾಯಿಯಷ್ಟು ದೊಡ್ಡದಾದ ಗುಳಿ. ಅದಕ್ಕೆ ಲಪ್ಪ ತುಂಬಿ ಮೇಲೆ ಬಣ್ಣ ಬಳಿದಿದ್ದರು. ಪಂಪು ಮೂರು ದಿನ ನಿಂತಿತು. ಆ ವರ್ಷ ಕೆರೆಯ ಮೇಲಣ ಇಳಿಜಾರಿನಲ್ಲಿ ಕಾಯಿ ತೆಳುವಾಗಿಯೇ ನಿಂತಿತು. ಮಾಡಿದವರ ತಪ್ಪು ಎಷ್ಟೋ, ಪರೀಕ್ಷಿಸದೆ ಕೊಂಡ ನಮ್ಮ ತಪ್ಪೂ ಅಷ್ಟೇ.

ಈ ಸೀಮೆಗೆ ಇಂತಹ ಸಾಧನಗಳು ಹೊಸವಲ್ಲ. ೧೮೪೩ರಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಆಂಗ್ಲನು ಮಂಜರಾಬಾದಿನಲ್ಲಿ ಕಾಫಿಯ ತೋಟವನ್ನೆಬ್ಬಿಸಿದನು. ಹಾಸನದಿಂದ ಘಟ್ಟವಿಳಿದು ಮಂಗಳೂರಿಗೆ ಹೋಗುವ ರೈಲುಮಾರ್ಗವು ಪೂರ್ತಿಯಾದುದು ೧೯೭೯ರಲ್ಲಿ. ಅಲ್ಲಿಯವರೆಗೆ ರಸ್ತೆಯೊಂದನ್ನೇ ನಂಬಿದ ಒಳನಾಡಿನ ತೋಟಗಳವರು ಮುರಿದುದನ್ನು ಮನೆಯಲ್ಲಿಯೇ ಸರಿಮಾಡಿಕೊಳ್ಳುವುದನ್ನು ಕಲಿಯದೆ ವಿಧಿಯಿರಲಿಲ್ಲ. ರೈಲು ಬಂದ ಮೇಲೆಯೂ ಮಳೆಗಾಲದ ಹಂಗು ತಪ್ಪಿಲ್ಲ: ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಘಟ್ಟದ ರೈಲೂ ಶಿರಾಡಿಯ ರಸ್ತೆಯೂ ನಿಂತುಹೋದುದನ್ನು ವಾಚಕರು ಮರೆತಿರಲಾರರು.

ಇನ್ನು ಕೊಳ್ಳುವ ಕ್ರಮ. ಎಲ್ಲಕ್ಕಿಂತಲೂ ಮುಖ್ಯವಾದುದು ಕಬ್ಬಿಣದ ಜಾತಿ. ಅಗ್ಗದ ವೈಸುಗಳೆಲ್ಲವೂ ಸಾಮಾನ್ಯವಾದ ಬೀಡಿನಿಂದ ಎರಕ ಹೊಯ್ದವು. ಬೀಡಿನೊಳಗೆ ಇಂಗಾಲವು ತೆಳುವಾದ ಹಾಳೆಗಳಂತೆ ಹರಡಿಕೊಂಡಿರುತ್ತದೆ. ಪ್ರತಿಯೊಂದು ಹಾಳೆಯೂ ಒಂದು ಸಣ್ಣ ಬಿರುಕಿದ್ದಂತೆಯೇ ಸರಿ. ಒತ್ತಿದರೆ ತಾಳುವ ಈ ಲೋಹವು ಪೆಟ್ಟಿಗೆ ತಾಳದು; ಬಾಗುವುದನ್ನರಿಯದೆ ಒಮ್ಮೆಗೇ ಒಡೆಯುತ್ತದೆ. ೧೯೪೩ರಲ್ಲಿ ಅಮೆರಿಕದ ಕೀತ್ ಮಿಲ್ಲಿಸ್ ಎಂಬ ಲೋಹಶಾಸ್ತ್ರಜ್ಞನು ಕರಗಿದ ಬೀಡಿಗೆ ಸ್ವಲ್ಪ ಮೆಗ್ನೀಸಿಯವನ್ನು ಸೇರಿಸಿದಾಗ ಅದೇ ಇಂಗಾಲವು ಹಾಳೆಗಳಾಗದೆ ದುಂಡನೆಯ ಕಾಳುಗಳಾಗಿ ನಿಲ್ಲುವುದನ್ನು ಕಂಡುಕೊಂಡನು. ಇದನ್ನೇ ವ್ಯಾಪಾರದಲ್ಲಿ ಎಸ್. ಜಿ. ಕಬ್ಬಿಣವೆಂದೂ ಡಕ್ಟೈಲ್ ಕಬ್ಬಿಣವೆಂದೂ ಕರೆಯುವರು. ಇದು ಮುರಿಯುವ ಮೊದಲು ಬಾಗುತ್ತದೆ. ಎಳೆತಕ್ಕೆ ಸಾಮಾನ್ಯ ಬೀಡಿಗಿಂತ ಸುಮಾರು ಎರಡರಷ್ಟು ತಡೆಯುತ್ತದೆ. ಬೆಲೆ ಹೆಚ್ಚು ನಿಜ, ಕೊಡತಕ್ಕದ್ದೇ. ಡಬ್ಬಿಯ ಮೇಲೆ ಯಾವ ಕಬ್ಬಿಣವೆಂದು ಬರೆಯದೆ ‘ಹೆವಿ ಡ್ಯೂಟಿ’ ಎಂದು ಮಾತ್ರ ಬರೆದಿದ್ದರೆ ಆ ಶಬ್ದಕ್ಕೆ ಯಾವ ಅರ್ಥವೂ ಇಲ್ಲವೆಂದು ತಿಳಿಯಬೇಕು. ಬೆಂಚಿನ ವೈಸುಗಳಿಗಾಗಿ ಐ. ಎಸ್. ೨೫೮೬ ಎಂಬ ಭಾರತೀಯ ಮಾನಕವುಂಟು. ಅದನ್ನು ಕೇಳಿ ನೋಡುವುದರಿಂದ ನಷ್ಟವೇನೂ ಇಲ್ಲ, ಅಂಗಡಿಯವನ ಮುಖಭಾವವಾದರೂ ತಿಳಿಯುತ್ತದೆ.

ಎಸ್. ಜಿ. ಕಬ್ಬಿಣವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನಾದ ಬರುವುದು, ಬೀಡು ಮಂಕಾಗಿ ಶಬ್ದ ಮಾಡುವುದು. ಜೋಡಿಸಿಟ್ಟ ವೈಸಿನಲ್ಲಿ ಈ ಪರೀಕ್ಷೆಯೊಂದನ್ನೇ ನಂಬಲಾಗದು. ಅದಕ್ಕಿಂತ ವೈಸನ್ನು ಬೋರಲು ಹಾಕಿ ಅಡಿಯನ್ನು ನೋಡುವುದು ಲೇಸು. ಅಲ್ಲಿ ಬಣ್ಣ ತೆಳುವಾಗಿರುತ್ತದೆ. ಗುಳಿಗಳಿದ್ದರೆ, ಲಪ್ಪ ಮೆತ್ತಿದ್ದರೆ, ಎರಕವು ಒಂದು ಕಡೆ ತೆಳುವಾಗಿ ಒಂದು ಕಡೆ ದಪ್ಪವಾಗಿದ್ದರೆ ಅಲ್ಲಿಯೇ ಬಯಲಾಗುತ್ತದೆ.

ಬಳಿಕ ದವಡೆಗಳು. ದವಡೆಯ ಮುಖಕ್ಕೆ ಹದಗೊಳಿಸಿದ ಉಕ್ಕಿನ ಪಟ್ಟಿಗಳನ್ನು ತಿರುಪುಗಳಿಂದ ಕೂರಿಸಿರಬೇಕು, ಸವೆದಾಗ ಬದಲಾಯಿಸಬಹುದು. ಅಂಗಡಿಯವನ ಅಪ್ಪಣೆ ಪಡೆದು ಪಟ್ಟಿಯ ಮೂಲೆಯೊಂದರ ಮೇಲೆ ಅರವನ್ನು ಎಳೆದು ನೋಡಬೇಕು: ಅರವು ಜಾರಿದರೆ ಹದವುಂಟು, ಕಚ್ಚಿದರೆ ಇಲ್ಲ. ಅನಂತರ ಕಾಗದದ ಚೂರೊಂದನ್ನು ದವಡೆಯ ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಇಟ್ಟು ಹಗುರವಾಗಿ ಬಿಗಿದು ಎಳೆಯಬೇಕು. ನಾಲ್ಕು ಕಡೆಯೂ ಒಂದೇ ಸಮನಾಗಿ ಹಿಡಿದರೆ ದವಡೆಗಳು ಸರಿಯಾಗಿ ಕೂಡುತ್ತವೆ ಎಂದರ್ಥ. ಮೇಲ್ಭಾಗವು ಕೂಡುವ ಮೊದಲೇ ಕೆಳಭಾಗವು ಕೂಡುವ ವೈಸಿನಲ್ಲಿ ತೆಳು ತಗಡು ಎಂದಿಗೂ ನಿಲ್ಲದು. ಚಲಿಸುವ ದವಡೆಯನ್ನು ಅರ್ಧದಷ್ಟು ಹೊರಗೆಳೆದು ಕೈಯಿಂದ ಮೇಲೆ ಕೆಳಗೆ ಅಲುಗಿಸಿದರೆ ಕಿಂಚಿತ್ ಸಡಿಲು ಎಲ್ಲದರಲ್ಲಿಯೂ ಉಂಟು. ಕಟಕಟನೆ ಕುಣಿಯುವಂತಿದ್ದರೆ ಅದನ್ನಲ್ಲಿಯೇ ಬಿಟ್ಟುಬರತಕ್ಕದ್ದು.

ತಿರುಪಿನ ಹಲ್ಲುಗಳು ಚೂಪಾಗಿರದೆ ಚೌಕವಾಗಿ, ಇಲ್ಲವೆ ಚಪ್ಪಟೆ ತಲೆಯುಳ್ಳವಾಗಿ ಇರಬೇಕು. ಒಳಗಿನ ನಟ್ಟು ಬಿಚ್ಚಿ ಬದಲಿಸಬಹುದಾದುದೇ ಎಂದು ಕೇಳಿಕೊಳ್ಳಬೇಕು. ವೈಸುಗಳು ಹಳೆಯದಾಗುವುದು ಬಹುಮಟ್ಟಿಗೆ ಈ ನಟ್ಟಿನಿಂದಲೇ.

ಅಳತೆಯ ವಿಷಯದಲ್ಲಿ ನಮ್ಮವರಿಗೆ ದೊಡ್ಡದರ ಮೇಲೆ ಮೋಹ. ಕತ್ತಿ ಮಸೆಯಲು, ಕತ್ತರಿಸುವ ಕೆಲಸಕ್ಕೆ, ಮನೆಯ ಬೀಗ ಬಾಗಿಲುಗಳ ರಿಪೇರಿಗೆ ನಾಲ್ಕಂಗುಲದ ದವಡೆ, ಎಂದರೆ ೧೦೦ ಮಿಲಿಮೀಟರು, ಧಾರಾಳವಾಗಿ ಸಾಕು. ಪಂಪು, ಪೈಪು, ಕಳೆ ಕತ್ತರಿಸುವ ಯಂತ್ರ, ಪಲ್ಪರು ಇವುಗಳನ್ನು ನೋಡಿಕೊಳ್ಳಬೇಕಾದ ಮನೆಗೆ ಐದಂಗುಲದ್ದು, ಎಂದರೆ ೧೨೫ ಮಿಲಿಮೀಟರು, ಒಳಿತು. ಕಾಡಾನೆಗಳು ತುಳಿದ ಪೈಪನ್ನೂ ಬಗ್ಗಿಸಿದ ಗೇಟಿನ ಸರಳನ್ನೂ ಆಗಾಗ್ಗೆ ಕೊಯ್ಯಬೇಕಾಗುವ ಆಲೂರಿನ ಕಡೆಯವರು ದವಡೆಯ ಕೆಳಗೆ ದುಂಡು ಪೈಪನ್ನು ಕಚ್ಚುವ ಹಲ್ಲುಗಳುಳ್ಳದನ್ನು ಆರಿಸಿಕೊಳ್ಳಬಹುದು. ಸುತ್ತಲೂ ತಿರುಗುವ ಪೀಠದ ವೈಸು ನೋಡಲು ಚೆನ್ನ. ಆದರೆ ತಿರುಗುವ ಕೀಲು ಹೆಚ್ಚಾದಷ್ಟೂ ಅಲುಗಾಟವೂ ಹೆಚ್ಚು. ಒಂದೇ ವೈಸನ್ನು ಕೊಳ್ಳತಕ್ಕವರು ಸ್ಥಿರ ಪೀಠದ್ದನ್ನೇ ಕೊಳ್ಳಲಿ.

ಕಾದ ಕಬ್ಬಿಣವನ್ನು ಬಡಿಯುವ ಉದ್ದೇಶವಿದ್ದರೆ ಬೆಂಚಿನ ವೈಸು ಯಾವುದೂ ಸಲ್ಲದು. ಅದಕ್ಕೆ ಕಮ್ಮಾರರ ಕಾಲುಳ್ಳ ವೈಸೇ ಬೇಕು. ಬಡಿದು ಮಾಡಿದ ಕಬ್ಬಿಣದ್ದಾದುದರಿಂದಲೂ, ಪೆಟ್ಟಿನ ಭಾರವನ್ನು ಕಾಲು ನೆಲಕ್ಕೆ ಇಳಿಸುವುದರಿಂದಲೂ ಅದು ತಾಳುತ್ತದೆ. ಹಳೆಯ ತೋಟದ ಉಗ್ರಾಣವನ್ನು ಖಾಲಿ ಮಾಡುವಾಗ ತುಕ್ಕು ಹಿಡಿದ ಅಂತಹದೊಂದು ಕಣ್ಣಿಗೆ ಬಿದ್ದರೆ ಗುಜರಿಯವನಿಗೆ ಬಿಟ್ಟುಕೊಡಬೇಡಿರಿ. ತಿರುಪು ಸವೆಯದಿದ್ದರೆ ತುಕ್ಕು ಲೆಕ್ಕಕ್ಕಿಲ್ಲ.

ಒಳ್ಳೆಯ ವೈಸನ್ನು ಅಲುಗಾಡುವ ಮೇಜಿಗೆ ಕೂರಿಸಿದರೆ ಕೊಟ್ಟ ಹಣವು ನೀರಿನಲ್ಲಿ ಹೋಮ. ತೋಟದಲ್ಲಿ ಧಾರಾಳವಾಗಿ ಸಿಕ್ಕುವ ಸಿಲ್ವರ್ ಓಕ್ ಮೃದುವಾದ ಮರ; ಮತ್ತಿ, ಹೊನ್ನೆಯಂತಹ ಗಟ್ಟಿಮರದ ಎರಡೂವರೆ ಮೂರು ಅಂಗುಲ ದಪ್ಪದ ಹಲಗೆಯಿರಲಿ. ಬೆಂಚಿನ ಕಾಲಿನ ಮೇಲೆಯೇ ವೈಸು ಬರಬೇಕು. ಮರದ ತಿರುಪುಗಳಿಂದಲ್ಲ, ಹಲಗೆಯನ್ನು ಹಾದುಹೋಗುವ ಬೋಲ್ಟುಗಳಿಂದ, ಅಡಿಯಲ್ಲಿ ಅಗಲವಾದ ವಾಷರುಗಳನ್ನಿಟ್ಟು ಬಿಗಿಯಬೇಕು. ಸ್ಥಿರ ದವಡೆಯ ಮುಖವು ಬೆಂಚಿನ ಅಂಚಿಗಿಂತ ಕೂದಲೆಳೆಯಷ್ಟು ಹೊರಗಿದ್ದರೆ ಉದ್ದನೆಯ ಸರಳನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಬಹುದು. ಎತ್ತರವೆಷ್ಟೆಂದರೆ, ನೆಟ್ಟಗೆ ನಿಂತು ಮುಷ್ಟಿಯನ್ನು ಗಲ್ಲಕ್ಕೆ ಹಚ್ಚಿದಾಗ ಮೊಣಕೈ ದವಡೆಯ ಮೇಲ್ತುದಿಗೆ ತಾಗಬೇಕು. ಮನೆಯಲ್ಲಿ ಹೆಚ್ಚು ಕೆಲಸ ಮಾಡುವವರು ಯಾರೋ ಅವರ ಮೊಣಕೈ, ಯಜಮಾನರದೇ ಆಗಬೇಕೆಂದಿಲ್ಲ.

ಬಿಗಿಯುವಾಗ ಹಿಡಿಗೆ ಪೈಪು ಸಿಕ್ಕಿಸಿ ತಿರುವಕೂಡದು. ಸುತ್ತಿಗೆ ಹಾಕಲೇಬೇಕಾದರೆ ಪೆಟ್ಟು ಸ್ಥಿರ ದವಡೆಯ ಕಡೆಗೆ ಬೀಳಲಿ. ನುಣುಪಾದ ವಸ್ತುಗಳಿಗೆ ಹಲ್ಲಿನ ಗುರುತು ಬೀಳದಂತೆ ಅಂಗಡಿಯ ಅಲ್ಯೂಮಿನಿಯಂ ಪಟ್ಟಿಗಳಿಗಿಂತ ಮೊದಲು ನಮ್ಮ ಅಡಕೆಯ ಹಾಳೆಯನ್ನು ಮಡಿಸಿ ಇಟ್ಟು ನೋಡಿರಿ; ಹಿತ್ತಾಳೆಯ ನಲ್ಲಿಗೂ ಮರದ ಹಿಡಿಗೂ ಅದು ಸೊಗಸಾಗಿ ಒದಗುತ್ತದೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಸೀಮೆಯ ಗಾಳಿಯೇ ತುಕ್ಕು. ತಿರುಪಿಗೆ ಗ್ರೀಸನ್ನೂ, ಉಳಿದ ಬರಿಯ ಕಬ್ಬಿಣಕ್ಕೆ ಯಂತ್ರದ ಎಣ್ಣೆಯನ್ನೂ ಸವರಿ, ದವಡೆಗಳನ್ನು ಬೆರಳಿನಗಲ ತೆರೆದಿಡಬೇಕು. ತೆಂಗಿನೆಣ್ಣೆ ಬೇಡ, ಕಾಲಕ್ರಮದಲ್ಲಿ ಅಂಟಾಗಿ ದೂಳನ್ನು ಹಿಡಿಯುತ್ತದೆ. ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಿದರೆ ತೇವವು ಒಳಗೇ ಸಿಕ್ಕಿಕೊಂಡು ಇನ್ನಷ್ಟು ಕೆಡುತ್ತದೆ. ಮಳೆ ಹಿಂದೆಗೆದು ಆಯುಧಪೂಜೆ ಬಂದಾಗ ತಿರುಪನ್ನು ಪೂರ್ತಿಯಾಗಿ ಹೊರಗೆ ತೆಗೆದು ಹಳೆಯ ಗ್ರೀಸನ್ನು ಸೀಮೆಎಣ್ಣೆಯಿಂದಲೋ ಡೀಸಲಿನಿಂದಲೋ ತೊಳೆದು ಹೊಸದನ್ನು ಹಚ್ಚಿ ಪೂಜೆಗೆ ಕೂರಿಸಿರಿ. ಮಾರನೆಯ ಬೆಳಗ್ಗೆ ಅರಿಸಿನ ಕುಂಕುಮದ ನೀರನ್ನು ದವಡೆಗಳ ಮೇಲಿಂದ ಒರೆಸಿಬಿಡಲು ಮರೆಯಬೇಡಿರಿ.