ಪಾಳಿ ಬದಲಾಗುವ ಹತ್ತು ನಿಮಿಷ

ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ಸಂಚರಿಸುವ ವಾಚಕರಿಗೆ ದಾಬಸ್‌ಪೇಟೆಯ ಕಾರ್ಖಾನೆಗಳ ಪರಿಚಯವಿದ್ದೇ ಇರುವುದು. ಅಲ್ಲಿ ಒಂದು ಪಾಳಿಯವರು ಹೊರಬೀಳುವ, ಮತ್ತೊಂದು ಪಾಳಿಯವರು ಒಳಹೊಗುವ ಅಲ್ಪಕಾಲದ ವಿಚಾರವಾಗಿ ಯಜಮಾನರುಗಳ ಗಮನವನ್ನು ಸೆಳೆಯಬಯಸುತ್ತೇವೆ.

ಯಂತ್ರವು ಹೇಗೆ ನಡೆಯಿತು, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಯಾರ ಹಾಜರಿಯ ಲೆಕ್ಕ ತಪ್ಪಿದೆ ಎಂಬುದನ್ನು ಹೋಗುವವರು ಬರುವವರಿಗೆ ಬಾಯಲ್ಲಿ ಹೇಳಿ ಪುಸ್ತಕದಲ್ಲಿಯೂ ಬರೆದಿಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷಕ್ಕೂ ಸಂಬಳ ಸಲ್ಲಬೇಕು. ಬಸ್ಸಿಗೆ ಓಡುವವನಿಂದ ಧರ್ಮಾರ್ಥವಾಗಿ ವರದಿಯನ್ನು ಅಪೇಕ್ಷಿಸುವುದು ನ್ಯಾಯವಲ್ಲ.

ಇದು ಕ್ಷುಲ್ಲಕವೆನ್ನುವವರು ಕೋಲಾರ ಜಿಲ್ಲೆಯ ನರಸಾಪುರವನ್ನು ನೆನೆಯಲಿ. ಐಫೋನು ತಯಾರಿಸುತ್ತಿದ್ದ ಅಲ್ಲಿಯ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಅಕ್ಟೋಬರಿನಲ್ಲಿ ಎಂಟು ಘಂಟೆಯ ಪಾಳಿಯನ್ನು ಹನ್ನೆರಡಕ್ಕೇರಿಸಿದರು; ಹಾಜರಿಯ ಲೆಕ್ಕ ಕೆಟ್ಟಿತು, ಕೆಲವರ ಸಂಬಳ ತಡವಾಯಿತು. ಡಿಸೆಂಬರ್ 12ರ ಬೆಳಗ್ಗೆ, ರಾತ್ರಿಪಾಳಿ ಮುಗಿಯುವ ಹೊತ್ತಿಗೇ, ಗಾಜುಗಳು ಪುಡಿಯಾದುವು, ವಾಹನಗಳು ಮಗುಚಿದುವು. ಹಿಂಸೆಯನ್ನು ನಾವು ಸಮರ್ಥಿಸುವವರಲ್ಲ. ಆದರೆ ಸಂಬಳ ಕಡಮೆ ಬಂದವನಿಗೆ ಅದೇ ವಾರ ಉತ್ತರ ಹೇಳುವವರೊಬ್ಬರಿದ್ದಿದ್ದರೆ? ವಿಸ್ಟ್ರಾನಿನವರು ಕೆಲಸದ ಘಂಟೆಗಳ ನಿರ್ವಹಣೆಯಲ್ಲಿ ತಪ್ಪಿದರೆಂದು ಆಪಲ್ ಕಂಪೆನಿಯೇ ತರುವಾಯ ಸಾರಿತು.

ನೂರು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಉಭಯಪಕ್ಷದ ಕಾರ್ಯಸಮಿತಿಯನ್ನು ಏರ್ಪಡಿಸುವಂತೆ ಸರ್ಕಾರವು ಆಜ್ಞಾಪಿಸಬಹುದೆಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆಯೇ ಹೇಳಿತ್ತು. ಅಂತಹ ಸಮಿತಿಗಳು ಕಾಗದದ ಮೇಲೆ ಮಾತ್ರ ಬಾಳಿದರೆ ಫಲವೇನು? ತಿಂಗಳಿಗೊಮ್ಮೆ ಕೂಡಿ, ಕೇಳಿದ ಪ್ರಶ್ನೆಗೂ ಕೊಟ್ಟ ಉತ್ತರಕ್ಕೂ ತಾರೀಖು ಹಾಕಿ, ಕನ್ನಡದಲ್ಲಿಯೂ, ಹೊರಪ್ರಾಂತಗಳಿಂದ ಬಂದವರಿಗಾಗಿ ಹಿಂದಿಯಲ್ಲಿಯೂ ಬರೆಸಿ ಕಾರ್ಖಾನೆಯ ಬಾಗಿಲಿನಲ್ಲಿ ಅಂಟಿಸಲಿ. ದಾಬಸ್‌ಪೇಟೆಯಲ್ಲಿ ಯಾವ ಯಜಮಾನರು ಮೊದಲು ಮುಂದೆ ಬರುವರೋ ನೋಡೋಣ.